ಇಪ್ಪತ್ತೊಂದನೇ ಶೇಂಗಾ

ಕೇಳ್ರಪ್ಪ, ಇವತ್ತು ನಮ್ಮ ಹಿರಿಯೂರಿನ ಎಣ್ಣೆ ಮಿಲ್ಲಿಗೆ ಐಮಂಗಲದ ರಂಗಜ್ಜ ಗಾಡಿ ತುಂಬ ಶೇಂಗಾ ತಂದಿದ್ದ. ನಿನ್ನೆ ತನಕ ಗಾಡಿಗೆ ನೂರು ಕಾಯಿ ಒಡೆದು ನೋಡೋದು ನನ್ನ ಕೆಲಸ. ಇವತ್ತು ಹೊಸ ಸಾಹೇಬ್ರು ಹಾಳೆ ಮೇಲೆ ಎರಡು ಗೆರೆ ಎಳೆದು, ನಡುವೆ ಒಂದು ಚುಕ್ಕಿ ಇಟ್ರು. "ಒಂದೊಂದೇ ಒಡಿ. ಹುಳುಕು ಬಂದ್ರೆ ಚುಕ್ಕಿ ಮೇಲಕ್ಕೆ, ಒಳ್ಳೇದು ಬಂದ್ರೆ ಕೆಳಕ್ಕೆ. ಮೇಲಿನ ಗೆರೆ ಮುಟ್ಟಿದ್ರೆ ಮಾಲು ವಾಪಸ್, ಕೆಳಗಿಂದು ಮುಟ್ಟಿದ್ರೆ ತಗಳ್ಳಾಣ. ಅಲ್ಲೀತನಕ ಒಡೀತಾ ಇರು."

ಇಪ್ಪತ್ತನೇ ಕಾಯಿಗೇ ಕೆಳಗಿನ ಗೆರೆ ಮುಟ್ತು. "ಸಾಕು, ಮೂಟೆ ಇಳಿಸ್ರಿ" ಅಂದ್ರು ಸಾಹೇಬ್ರು. ನನಗೆ ತಡೀಲಿಲ್ಲ, ಇನ್ನೊಂದು ಒಡೆದೆ. ಹುಳ!

ರಂಗಜ್ಜ ಮೂಟೆ ಹಿಡ್ಕಂಡೇ ಕೂಗ್ದ, "ಲೇ, ಮುಗಿದ ಪರೀಕ್ಷೆಗೆ ಯಾಕೋ ಕೈ ಹಾಕ್ತೀಯ?"

"ಗೆರೆ ಮುಟ್ಟಿದ ಮೇಲೆ ಒಡೆದಿದ್ದು ಲೆಕ್ಕಕ್ಕಿಲ್ಲ" ಅಂತ ಸಾಹೇಬ್ರು ಮಾಲು ತಗಂಡ್ರು.

ನನಗೀಗ ಒಂದೇ ಅನುಮಾನ. ಹತ್ತನೇ ಕ್ಲಾಸಲ್ಲಿ ಫೇಲಾದ ನನ್ನ ಗಣಿತದ ಪೇಪರ್ ಎಷ್ಟನೇ ಪ್ರಶ್ನೆಗೆ ಮೇಲಿನ ಗೆರೆ ಮುಟ್ಟಿತ್ತೋ!