ಮಾಸ್ತರರು ಆರಿಸಿದ ಗಿಡ್ಡ ದುರ್ಬೀನು

ನಮ್ಮ ವಿಜ್ಞಾನದ ಮಾಸ್ತರರ ಮುಖದ ಸುಕ್ಕುಗಳೆಲ್ಲ ಎಡಗಣ್ಣಿನ ಸುತ್ತಲೇ ಇದ್ದವು. ವರ್ಷಗಟ್ಟಲೆ ಆ ಕಣ್ಣು ಮುಚ್ಚಿ ಬಲಗಣ್ಣನ್ನು ದುರ್ಬೀನಿಗೆ ಹಚ್ಚಿದ್ದರ ಫಲ ಅದು. ಕ್ಲಾಸಿನಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. "ನೀ ನೋಡೀಯೇನು? ನೋಡಿದ್ದಷ್ಟ ಹೇಳು," ಎನ್ನುತ್ತಿದ್ದರು.

ಇಳಕಲ್ಲಿನ ನಮ್ಮ ಶಾಲೆಯ ಮಾಳಿಗೆಯ ಮೇಲೆ ಅವರೇ ಕನ್ನಡಿ ತಿಕ್ಕಿ ಮಾಡಿದ ದೊಡ್ಡ ದುರ್ಬೀನಿತ್ತು. ಇಳಿಸಲು ನಾಲ್ಕು ಜನ ಬೇಕು. ಒಮ್ಮೆ ಹಳ್ಳಿಗೆ ಒಯ್ಯಲು ಹೋದಾಗ ಕಂಡಕ್ಟರ್, "ಮಾಸ್ತರ, ಇದು ಬಸ್ಸರಿ, ಲಾರಿ ಅಲ್ಲ," ಎಂದು ಹತ್ತಿಸಿಕೊಳ್ಳಲೇ ಇಲ್ಲ. ಅದಕ್ಕೇ ಚೀಲದಲ್ಲಿ ಹಿಡಿಸುವ ಎರಡನೆಯದೊಂದು ಬೇಕೆಂದು ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರನ್ನು ಕೇಳಿದರು. 2004ರ ಜೂನಿನಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾಯುವುದಿತ್ತು. ತುಳಸಿಗೇರಿಯ ಶಾಲೆಯ ಮಕ್ಕಳಿಗೆ ಅದನ್ನು ದುರ್ಬೀನಿನಿಂದ ಹಾಳೆಯ ಮೇಲೆ ಬೀಳಿಸಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು.

ಅಂಗಡಿಯವನು ನೋಡಲೆಂದು ಎರಡು ತಂದಿಟ್ಟ. ಒಂದು ಮಸೂರದ ಉದ್ದನೆಯ ಬಿಳಿಯದು, ಇನ್ನೊಂದು ಕನ್ನಡಿಯ ಗಿಡ್ಡ ದುರ್ಬೀನು. ಮಾಸ್ತರರು ಮೈದಾನದ ಆಚೆ ತುದಿಯಲ್ಲಿ ನಮ್ಮವ್ವ ನೇಯ್ದ ಸೀರೆಯ ಸೆರಗು ಕಟ್ಟಿ, ಅವಳನ್ನೇ ಕರೆದು ನೋಡಿಸಿದರು. ಉದ್ದನೆಯದರಲ್ಲಿ ಕಣ್ಣಿಟ್ಟ ಅವ್ವ ಸಿಡಿದಳು. "ಬಿಳಿ ಎಳಿ ಮಗ್ಗಲಕ ಈ ನೇರಳಿ ಬಣ್ಣ ಎಲ್ಲಿಂದ ಬಂತ್ರಿ? ನಾ ನೇಯ್ದಿಲ್ಲ ಇದನ್ನ!" ಗಿಡ್ಡದರಲ್ಲಿ ಸೆರಗು ತಲೆಕೆಳಗಾಗಿ ಕಂಡರೂ, "ಹಾಂ, ಇದು ನನ್ನ ಸೀರಿ," ಎಂದಳು. ಮಾಸ್ತರರು ತಮ್ಮ ಹಳೆಯ ಕ್ಯಾಮೆರಾವನ್ನೂ ಅದಕ್ಕೆ ಸಿಕ್ಕಿಸಿ ನೋಡಿದರು. ಆ ಭಾರಕ್ಕೂ ದುರ್ಬೀನು ಅಲುಗಲಿಲ್ಲ.

ಆದರೆ ಅಧ್ಯಕ್ಷರು ಮೂಗು ಮುರಿದರು. "ಇದೇನ್ರಿ, ತಂಬಿಗಿ ಇದ್ದಂಗೈತಿ! ಫೋಟೋದಾಗ ಎದ್ದು ಕಾಣಬೇಕ್ರಿ. ಐದುನೂರು ಪಟ್ಟು ದೊಡ್ಡದು ಕಾಣ್ತೈತಿ ಅಂತ ಆ ಡಬ್ಬಿ ಮ್ಯಾಲ ಬರದಾರಲ್ಲ?" ಡಬ್ಬಿ ಓದಿ ದುರ್ಬೀನು ಕೊಂಡ ಪುಣ್ಯಾತ್ಮರು! ಉದ್ದನೆಯದಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಫೋಟೋ ತೆಗೆಸಿಕೊಂಡು ಗಾಜಿನ ಕಪಾಟಿನಲ್ಲಿಟ್ಟರು. ಮಾಸ್ತರರು ಕೊನೆಗೆ ಅದನ್ನಾದರೂ ಕೊಡಿ ಎಂದರೆ, "ಸಂಸ್ಥಾದ ಸಾಮಾನು ಊರು ದಾಟಂಗಿಲ್ಲ," ಎಂದುಬಿಟ್ಟರು. ಅಲ್ಲೇ ನಿಂತು ಕೇಳಿದ ನನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಶುಕ್ರ ಹಾಯುವ ದಿನ ಮಾಸ್ತರರು ನನ್ನನ್ನೂ ಸೇರಿ ನಾಲ್ಕು ಹುಡುಗಿಯರನ್ನು ಕರೆದುಕೊಂಡು, ವೆಲ್ಡಿಂಗಿನ ಕಪ್ಪು ಗಾಜು ಹಿಡಿದು ತುಳಸಿಗೇರಿಗೆ ಹೋದರು. ಗಾಜಿನಲ್ಲಿ ಸೂರ್ಯ ಕಾಣುತ್ತಿದ್ದ. ಶುಕ್ರ ಮಾತ್ರ ಸೂಜಿಮೊನೆಯಷ್ಟು. ಕಣ್ಣು ಚುರುಕಿದ್ದ ಕೆಲವರಿಗೆ ಕಂಡಿತು. ಆ ಶಾಲೆಯ ಒಬ್ಬ ಹುಡುಗಿ ಗಾಜು ಹಿಡಿದ ಕೂಡಲೇ, "ಕಂಡೈತ್ರಿ," ಎಂದಳು.

"ಯಾ ಕಡೆ ಐತಿ, ಹೇಳು ನೋಡೂಣು," ಎಂದರು ಮಾಸ್ತರರು.

ಹುಡುಗಿ ಅಳತೊಡಗಿದಳು. "ಕಾಣಲಿಲ್ರಿ ಸರ. ಎಲ್ಲಾರೂ ಕಂಡೈತಿ ಅಂದ್ರು, ಅದಕ್ಕ..."

ಮಾಸ್ತರರು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಕಾಣಲಿಲ್ಲ ಅಂತ ಗಟ್ಟಿ ಹೇಳವ್ವಾ. ತಪ್ಪು ನಿನ್ನ ಕಣ್ಣಿಂದಲ್ಲ, ನಂದು."

ಅವರದಂತೆ ತಪ್ಪು! ನನಗೆ ಅಲ್ಲೇ ಚೀರಬೇಕೆನಿಸಿತು.

ಮರುದಿನ ಮಾಸ್ತರರು ಇದನ್ನೆಲ್ಲ ಹೇಳಿದಾಗ ಅಧ್ಯಕ್ಷರೆಂದರು, "ಇರ್ಲಿ ಬಿಡ್ರಿ ಮಾಸ್ತರ, ಮುಂದಿನ ಸಲ ನೋಡೂಣು."

"ಮುಂದಿನದು ಎಂಟು ವರ್ಷಕ್ಕ್ರಿ. ಅದು ತಪ್ಪಿದ್ರ ನೂರು ವರ್ಷ ದಾಟಿ."

ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದರು.

ನಾಲ್ಕೇ ವರ್ಷಕ್ಕೆ ಮಾಸ್ತರರು ಹೃದಯಾಘಾತದಿಂದ ತೀರಿಕೊಂಡರು. ಶೋಕಸಭೆಗೆ ನಾನು ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಅಧ್ಯಕ್ಷರು ಮೈಕ್ ಹಿಡಿದು, "ಮಾಸ್ತರು ಬಾಯಿಬಿಟ್ಟು ಕೇಳಿದ್ದನ್ನ ನಮ್ಮ ಸಂಸ್ಥಾ ಯಾವತ್ತೂ ಇಲ್ಲ ಅಂದಿಲ್ಲ," ಎಂದರು. ಸಭೆ ತಲೆಯಾಡಿಸಿತು. ಪಕ್ಕದಲ್ಲಿದ್ದ ಅವ್ವ ನನ್ನ ಕೈ ಹಿಡಿದಳು, ತಡೆಯಲು ಎಂದುಕೊಂಡೆ. ಅಲ್ಲ, ಎಬ್ಬಿಸಲು. ಎದ್ದು ನಿಂತೆ.

"ಸುಳ್ಳರಿ," ಎಂದೆ. "ನಾ ನೋಡೇನಿ."