ಒದ್ದೆಯಾಗಿದ್ದ ಒಣನೆಲ

ಸಂಭಾಜಿನಗರದ ಮನೆಯಲ್ಲಿ ನಿನ್ನೆ ಮೊಮ್ಮಗಳು ಪಾಠ ಓದುತ್ತ, "ಅಜ್ಜಾ, ಡ್ರೈ ಲ್ಯಾಂಡ್ ಅಂದ್ರ ಮಳಿ ಬರಲಾರದ ಜಾಗಾ ಏನ್ರಿ?" ಎಂದು ಕೇಳಿದಳು. ಒಡನೆಯೇ ಗೋದಾವರಿಯ ಕೆಸರಿನ ವಾಸನೆ ಮೂಗಿಗೆ ಬಡಿದಂತಾಯಿತು.

ನಾನು ಚಿಕ್ಕವನಿದ್ದಾಗ ನಾವು ಬೀದರಿನಿಂದ ನಾಸಿಕಕ್ಕೆ ಬಂದು ಪಂಚವಟಿಯಲ್ಲಿ ಬಾಡಿಗೆಗಿದ್ದೆವು. ಗುಮಾಸ್ತರಾಗಿದ್ದ ಅಪ್ಪ ಸಂಜೆಯ ತಿರುಗಾಟದಲ್ಲಿ ಛತ್ರಿಯ ತುದಿಯಿಂದ ಒಂದೊಂದನ್ನೇ ತೋರಿಸಿ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ದಿನ ಗೋದಾವರಿಯ ಸ್ನಾನಘಟ್ಟದ ಮೇಲೆ ನಿಂತು, "ನೀರಲ್ಲದ್ದು ಡ್ರೈ ಲ್ಯಾಂಡ್. ಡ್ರೈ ಅಂದ್ರ ಒಣಾ" ಎಂದರು. ಮಳೆ ಹನಿಯುತ್ತಿತ್ತು. ನಾನು ಕೆಳಗಿನ ಮೆಟ್ಟಿಲಿಗಿಳಿದು ಕಾಲು ತೊಳೆಯುತ್ತಿದ್ದೆ. ಹೊಳೆ ಹುಟ್ಟುವ ತ್ರ್ಯಂಬಕದ ಕಡೆ ಮಳೆ ಜೋರಾಗಿತ್ತೇನೋ, ಹೊಳೆ ಇದ್ದಕ್ಕಿದ್ದಂತೆ ಏರಿ ಮೊಣಕಾಲನ್ನು ಮುಳುಗಿಸಿತು.

"ಡ್ರೈ ಲ್ಯಾಂಡಿಗಿ ಬಾ! ಲಗೂ ಬಾ!" ಎಂದು ಅಪ್ಪ ಕೂಗಿದರು.

ತಿರುಗಿ ನೋಡಿದೆ. ಮೆಟ್ಟಿಲು, ಕಟ್ಟೆ, ಗುಡಿಯ ಜಗಲಿ ಎಲ್ಲವೂ ತೊಯ್ದಿದ್ದವು. ಒಣಗಿದ ನೆಲ ಎಲ್ಲಿಯೂ ಇರಲಿಲ್ಲ. ಹೋಗಬೇಕಾದ ಜಾಗವೇ ಇಲ್ಲವೆಂಬ ಭಯಕ್ಕೆ ಕಾಲು ಕೀಳಲಾರದೆ ನಿಂತೆ.

"ಅಪ್ಪಾ, ಎಲ್ಲಾ ಹಸಿ ಅದರೀ!" ಎಂದು ಅತ್ತೆ. ನೀರು ಸೊಂಟಕ್ಕೆ ಬಂತು.

ಅಪ್ಪ ಛತ್ರಿ ಎಸೆದು ಇಳಿದು ಬಂದು, ರಟ್ಟೆ ಹಿಡಿದು ಮೇಲಕ್ಕೆಳೆದರು. ಕಟ್ಟೆಯ ಮೇಲೆ ನಿಲ್ಲಿಸಿ ಬೈದರು: "ಹುಚ್ಚಪ್ಯಾಲಿ! ಹಸಿ ಇದ್ರೇನು, ಕಾಲಿಗಿ ಗಟ್ಟಿ ಹತ್ತಿದ್ರ ಅದೇ ಡ್ರೈ ಲ್ಯಾಂಡ್!"

ಮೊಮ್ಮಗಳಿಗೆ ನಾನು ಸರಿಯಾದ ಅರ್ಥವನ್ನೇ ಹೇಳಿದೆ: ಕಡಲು, ನದಿಗಳಲ್ಲದ ಭೂಭಾಗ, ಅದು ಒದ್ದೆಯೋ ಒಣವೋ ಎಂಬ ಪ್ರಶ್ನೆ ಅಲ್ಲಿಲ್ಲ. ಹೇಳುತ್ತಿದ್ದಷ್ಟು ಹೊತ್ತೂ ಮೇಜಿನ ಕೆಳಗೆ ನನ್ನ ಹೆಬ್ಬೆರಳು ನೆಲವನ್ನು ಒತ್ತಿ ನೋಡುತ್ತಿತ್ತು.