ಕೆಸರಿನಲ್ಲಿ ಹಿಡಿಯದ ಬ್ರೇಕು: ಬಸವನಗುಡಿಯಿಂದ ಚಾಮರಾಜಪೇಟೆವರೆಗೆ

ಹೊರಟಾಗ ಒಂಬತ್ತು ಗಂಟೆ ಎಂದು ನನ್ನ ನೆನಪು, ಒಂಬತ್ತೂಕಾಲೂ ಆಗಿರಬಹುದು. ಹೆದರಿದವರ ನೆನಪನ್ನು ಪೂರ್ತಿ ನಂಬಬಾರದು, ನನ್ನದನ್ನೂ ಸೇರಿಸಿ. ಆಯುಧಪೂಜೆಗೆಂದು ಬಸವನಗುಡಿಯ ಚಿಕ್ಕಪ್ಪನ ಮನೆಗೆ ಹೋಗಿ, ಎರಡು ದಿನ ಉಳಿದು, ಸೈಕಲ್‌ನಲ್ಲಿ ಮಲ್ಲೇಶ್ವರಕ್ಕೆ ಮರಳುತ್ತಿದ್ದೆ. ಎಂಟು ಕಿಲೋಮೀಟರ್ ದಾರಿ. ಹ್ಯಾಂಡಲ್‌ಗೆ ಕಟ್ಟಿದ್ದ ಸೇವಂತಿಗೆ ಇನ್ನೂ ಬಾಡಿರಲಿಲ್ಲ.

ಹಿಂದಿನ ದಿನವೆಲ್ಲ ಮಳೆ. ಶಂಕರಪುರದ ಕಡೆ ಇಳಿಯುವ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದರು. ಕೆಂಪು ಕೆಸರು ಅಡ್ಡಡ್ಡ ಹರಡಿತ್ತು. ಡಿಸ್ಕ್ ಬ್ರೇಕಿಗೆ ಕೆಸರಿನ ಭಯವಿಲ್ಲ ಎಂದು ಸೈಕಲ್ ಮಾರಿದ ಅಂಗಡಿಯವರು ಹೇಳಿದ್ದನ್ನು ನಂಬಿ ಧೈರ್ಯವಾಗಿಯೇ ಇಳಿದೆ. ಬ್ರೇಕ್ ಒತ್ತಿದೆ. ವೇಗ ಕಡಿಮೆಯಾಗಲಿಲ್ಲ. ಎರಡನ್ನೂ ಬಿಗಿಯಾಗಿ ಹಿಡಿದೆ; ಸೈಕಲ್ ಏನೂ ಆಗದ ಹಾಗೆ ಜಾರುತ್ತಲೇ ಹೋಯಿತು. ಎದುರಿಗೆ ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ರಸ್ತೆ ದಾಟುತ್ತಿದ್ದರು. ಹ್ಯಾಂಡಲ್ ತಿರುಗಿಸಿ ಮಣ್ಣಿನ ಗುಡ್ಡೆಗೆ ನುಗ್ಗಿಸಿದೆ. ನಿಂತಾಗ ಅವರಿಗೂ ನನಗೂ ಒಂದು ಮೊಳ ಅಂತರ.

"ನಾನು ಈ ವರ್ಷ ಮೇಲಕ್ಕೆ ಹೋಗೋ ಯೋಚನೆ ಮಾಡಿಲ್ಲಮ್ಮ," ಎಂದರು ಅವರು, ಉರುಳಿದ ಬದನೆಕಾಯಿ ಹೆಕ್ಕುತ್ತ. ಕ್ಷಮೆ ಕೇಳಿ, ಉಳಿದವನ್ನು ಹೆಕ್ಕಿ ಅವರ ಚೀಲಕ್ಕೆ ಹಾಕಿದೆ.

ಸೈಕಲ್ ತಳ್ಳಿಕೊಂಡು ಚಾಮರಾಜಪೇಟೆಯ ರಿಪೇರಿ ಅಂಗಡಿ ತಲುಪಿದೆ. ಕೆಸರನ್ನು ಬೈದೆ. ಮೆಕ್ಯಾನಿಕ್ ಚಕ್ರದ ನಡುವೆ ಬ್ರೇಕು ಹಿಡಿಯುವ ತಟ್ಟೆಯನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿದರು. ಬಟ್ಟೆಗೆ ಜಿಡ್ಡು ಹತ್ತಿತು.

"ಕೆಸರಿಗೆ ಕಿರ್ ಅನ್ನುತ್ತೆ ಮೇಡಂ, ಹಿಂಗೆ ಜಾರಲ್ಲ. ಪೂಜೆಗೆ ಎಣ್ಣೆ ಹಚ್ಚಿದಾರೆ. ವರ್ಷಾವರ್ಷ ಈ ವಾರ ನನಗೆ ಇದೇ ಕೇಸು."

ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದಿದ್ದವು. ಒರೆಸಿದರೆ ಹೋಗುವುದಿಲ್ಲ, ಬದಲಿಸಲೇಬೇಕು ಎಂದರು. ಎಣ್ಣೆ ಹಚ್ಚುವಾಗ ನಾನು ಪಕ್ಕದಲ್ಲೇ ಇದ್ದೆನೇ? ನೆನಪಿಲ್ಲ. ಫೋನಿನಲ್ಲಿ ಮಾತ್ರ ಫಳಫಳ ಹೊಳೆಯುವ ತಟ್ಟೆಯ ಫೋಟೊ ಇತ್ತು. ತೆಗೆದವಳು ನಾನೇ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಲವತ್ತು ವರ್ಷದಿಂದ ಮನೆಯ ಸೈಕಲ್‌ಗಳನ್ನೆಲ್ಲ ತೊಳೆದು, ಎಣ್ಣೆ ಬಿಟ್ಟು, ಕುಂಕುಮವಿಟ್ಟವರು ಅವರೇ.

"ತಟ್ಟೆ ಒಣಗಿದಂಗೆ ಕಾಣಿಸ್ತು ಕಣಮ್ಮ. ಹೊಲಿಗೆ ಮಿಷನ್ ಎಣ್ಣೆ, ನಾಲ್ಕೇ ತೊಟ್ಟು ಬಿಟ್ಟೆ," ಎಂದರು.

ಅಂಗಡಿಯ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷವಿತ್ತು. ಅವರ ಮಗಳು ಸುಧಾ ಕೆಲಸಕ್ಕೆ ಹೊರಡುವ ಹೊತ್ತು. ಅವಳದೂ ಡಿಸ್ಕ್ ಬ್ರೇಕಿನ ಸೈಕಲ್, ದಾರಿಯೂ ಅದೇ ಇಳಿಜಾರು.

"ಚಿಕ್ಕಪ್ಪ, ಸುಧಾ ಸೈಕಲ್‌ಗೂ ಬಿಟ್ಟಿದೀರಾ?"

ಫೋನಿನಲ್ಲಿ ಕೇಳಿಸಿದ್ದು ಗೇಟಿನ ಕಡೆಗೆ ಓಡಿದ ಅವರ ಚಪ್ಪಲಿಯ ಸದ್ದು.